ಮೂಲೆಮನೆ ಮುಂದಿನ ಎಳೆಯ ಮರ ಯಾವುದು? ಮೂರು ಭಾನುವಾರದ ಟಿಪ್ಪಣಿ

ಜೂನ್ 8

ಜಯನಗರದ ನಮ್ಮ ಅಡ್ಡರಸ್ತೆಯ ಮೂಲೆಮನೆ ಮುಂದೆ ಒಂದು ಎಳೆಯ ಮರ ಇದೆ. ಸುಮಾರು 18 ಅಡಿ. ಬೀದಿಯವರೆಲ್ಲ ಕ್ರಿಸ್‌ಮಸ್ ಮರ ಅಂತಾರೆ. ಎದುರುಮನೆ ಅಜ್ಜಿ ಮಾತ್ರ, ‘ಅದು ಸರ್ವೆ ಮರ ಕಣಪ್ಪ’ ಅಂದರು.

ಅಜ್ಜಿಯ ಮಾತನ್ನೇ ಮೊದಲು ಪರೀಕ್ಷೆ ಮಾಡಿದೆ. ಸರ್ವೆಯ ಹಸಿರು ಕಡ್ಡಿಯನ್ನು ಎಳೆದರೆ ಗೆಣ್ಣಿನಲ್ಲಿ ಟಪ್ ಅಂತ ಬಿಡುತ್ತದೆ. ಆ ಗೆಣ್ಣಿನ ಸುತ್ತ ಇರುವ ಪುಟ್ಟ ಹಲ್ಲುಗಳೇ ಅದರ ಎಲೆ. ಈ ಮರದ ಕಡ್ಡಿಗೆ ಗೆಣ್ಣೇ ಇಲ್ಲ. ಪೈನ್ ಮರವೂ ಅಲ್ಲ. ಪೈನ್‌ನ ಸೂಜಿ ಎಲೆಗಳು ಎರಡೋ ಮೂರೋ ಐದೋ ಸೇರಿ ಕಟ್ಟಾಗಿ ಬರುತ್ತವೆ. ಇಲ್ಲಿ ಒಂದೊಂದು ಎಲೆಯೂ ಬೇರೆ ಬೇರೆ, ಕಡ್ಡಿಗೇ ಅಂಟಿಕೊಂಡು ತುದಿ ಒಳಕ್ಕೆ ಬಾಗಿದೆ. ಕೊಂಬೆಗಳೋ ಛತ್ರಿ ಕಡ್ಡಿಗಳ ಹಾಗೆ ಒಂದೇ ಮಟ್ಟದಲ್ಲಿ ಸುತ್ತಲೂ ಚಾಚಿವೆ. ಅರಾಕೇರಿಯಾ ಕುಲ, ಅನುಮಾನವೇ ಇಲ್ಲ.

ಜೂನ್ 15

ಕಷ್ಟ ಇಲ್ಲಿಂದ ಶುರು. ನಾರ್‌ಫೋಕ್ ಪೈನೋ ಕುಕ್ ಪೈನೋ? ಹೆಸರಲ್ಲಿ ಪೈನ್ ಇದ್ದರೂ ಎರಡೂ ನಿಜವಾದ ಪೈನ್ ಅಲ್ಲ, ಅರಾಕೇರಿಯಾಗಳೇ. ಎಳೆಯದರಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಥರ. ಕುಕ್ ಸಸಿಗಳೇ ನಾರ್‌ಫೋಕ್ ಹೆಸರಲ್ಲಿ ಮಾರಾಟವಾಗುವುದೂ ಉಂಟು. ಒಂದರ ತವರು ನಾರ್‌ಫೋಕ್ ದ್ವೀಪ, ಇನ್ನೊಂದರದು ನ್ಯೂ ಕ್ಯಾಲಿಡೋನಿಯಾ.

ಲಾಲ್‌ಬಾಗ್‌ಗೆ ಹೋಗಿ ಹಳೆಯ ಕುಕ್ ಪೈನ್‌ಗಳ ತೊಗಟೆ ಮುಟ್ಟಿ ನೋಡಿದೆ. ತೆಳ್ಳಗೆ, ಕಾಗದದ ಪಟ್ಟಿಗಳ ಹಾಗೆ ಅಡ್ಡಡ್ಡ ಸುಲಿಯುತ್ತದೆ. ವಾಪಸ್ ಬಂದು ನಮ್ಮ ಮರದ ಬುಡದ ಹತ್ತಿರ ಕೂತೆ. ಮೊಣಕಾಲೆತ್ತರದಲ್ಲಿ ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಒಂದು ಪಟ್ಟಿ ಅಡ್ಡಲಾಗಿ ಎದ್ದಿತ್ತು! ಕೊಂಬೆಗಳ ಸುತ್ತುಗಳೂ ಒತ್ತೊತ್ತಾಗಿವೆ. ನಾರ್‌ಫೋಕ್‌ನಲ್ಲಿ ಅಂತರ ಜಾಸ್ತಿ.

ಜೂನ್ 22

ಕೊನೆಯ ಪರೀಕ್ಷೆ, ವಾಲು. ಕುಕ್ ಪೈನ್‌ಗಳು ಸಮಭಾಜಕದ ಕಡೆಗೆ ವಾಲುತ್ತವೆ ಅಂತ 2017ರಲ್ಲಿ ಒಂದು ಅಧ್ಯಯನ ತೋರಿಸಿತ್ತು. ಸರಾಸರಿ 8 ಡಿಗ್ರಿಗಿಂತ ಜಾಸ್ತಿ. ಅಂದರೆ ನಮ್ಮ ಕಡೆ ಮರ ದಕ್ಷಿಣಕ್ಕೆ ವಾಲಬೇಕು.

ದಾರಕ್ಕೆ ಬೀಗದ ಕೈ ಕಟ್ಟಿ, ಕಾಂಡದ ದಕ್ಷಿಣ ಮಗ್ಗುಲಲ್ಲಿ 180 ಸೆಂಟಿಮೀಟರ್ ಎತ್ತರದಿಂದ ಇಳಿಬಿಟ್ಟೆ. ಬುಡದಿಂದ 14 ಸೆಂಟಿಮೀಟರ್ ಆಚೆ ನಿಂತಿತು. ನಾಲ್ಕು ಡಿಗ್ರಿಗಿಂತ ಸ್ವಲ್ಪ ಜಾಸ್ತಿ, ದಕ್ಷಿಣಕ್ಕೇ. ಆ ದಿಕ್ಕಿಗೆ ಮೂರು ಮಹಡಿಯ ಮನೆ ಇದೆ, ಬೆಳಕು ಇರುವುದು ಉತ್ತರದಲ್ಲಿ. ಬೆಳಕನ್ನು ಹುಡುಕಿ ಬಾಗಿದ್ದರೆ ಆ ಕಡೆ ಬಾಗಬೇಕಿತ್ತು, ಅಲ್ವಾ? ನನಗೆ ಇದೇ ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಅನಿಸಿತು. ಡೈರಿಯಲ್ಲಿ ಹೆಸರು ಬರೆದೆ: ಅರಾಕೇರಿಯಾ ಕೊಲಮ್ನಾರಿಸ್, ಕುಕ್ ಪೈನ್.

ಸಂಜೆ ಬಿದ್ದಿದ್ದ ಒಂದು ಕಡ್ಡಿಯನ್ನು ಅಜ್ಜಿಗೆ ಕೊಟ್ಟೆ. ಎರಡೂ ತುದಿ ಹಿಡಿದು ಎಳೆದರು. ಬಿಡಲಿಲ್ಲ. ಇನ್ನೊಮ್ಮೆ ಎಳೆದರು. ‘ಹೌದಲ್ಲೋ, ಇದು ಸರ್ವೆ ಅಲ್ಲ’ ಅಂತ ಕಡ್ಡಿಯನ್ನು ಒಳಗೆ ತಗೊಂಡು ಹೋದರು.