ಕೊನೆಯ ದಿನ: ಅಘನಾಶಿನಿಯಿಂದ ಕಾರವಾರ

12 ಜನವರಿ 2025, ಭಾನುವಾರ
ರಾತ್ರಿ, ಪಂಚಗಂಗಾ ಎಕ್ಸ್‌ಪ್ರೆಸ್‌ನಲ್ಲಿ

ಬೆಳಿಗ್ಗೆ ಐದೂವರೆಗೇ ಎಚ್ಚರವಾಯಿತು. ಟೆಂಟಿನ ಒಳಗೋಡೆಯಿಂದ ಹನಿ ತೊಟ್ಟಿಕ್ಕುತ್ತಿತ್ತು. ಸೈಕಲಿನಲ್ಲಿ ನಾವಿಬ್ಬರೂ ಉಡುಪಿಯಿಂದ ಹೊರಟ ಮೇಲೆ ಕಳೆದದ್ದು ಐದು ರಾತ್ರಿ. ಒಂದು ದಿನವೂ ಟೆಂಟನ್ನು ಒಣಗಿಸಿ ಮಡಚಿದ್ದಿಲ್ಲ. ಕಡಲಗಾಳಿಗೆ ಬಿಸ್ಕತ್ತೂ ಮೆತ್ತಗಾಗಿದೆ, ಜೊತೆಗಾರ ಇವನ ಸಿಟ್ಟೊಂದು ಮಾತ್ರ ಗರಿಗರಿ. "ಆರಕ್ಕೆ ಹೊರಡೋಣ ಅಂದಿದ್ದೆ" ಅಂತ ಶುರು. ಐದು ದಿನ ಗಡಿಯಾರವನ್ನೇ ನೋಡದವನಿಗೆ ಇವತ್ತು ಸಂಜೆಯ ರೈಲೇ ದೇವರು.

ತೋಟದಲ್ಲಿ ಜಾಗ ಕೊಟ್ಟಿದ್ದ ಅಕ್ಕ ಚಾ ತಂದರು. "ಕಾರವಾರದ ತನಕ ಸೈಕಲ್ ಮೇಲೇ ಹೋಗೂದಾ ತಂಗಿ? ಬಸ್ಸಿಲ್ವಾ?" ಅಂದರು. ಬಸ್ಸಿದೆ ಅಕ್ಕಾ, ಹುಚ್ಚೂ ಇದೆ.

ಅಘನಾಶಿನಿ ಊರಿನಿಂದ ಅದೇ ಹೆಸರಿನ ಹೊಳೆ ದಾಟಿ ತದಡಿಗೆ ದೋಣಿ. ಇಳಿತದ ಹೊತ್ತು, ಸೊಂಟದವರೆಗಿನ ನೀರಿನಲ್ಲಿ ಹೆಂಗಸರು ಬಳಚು (ಕಪ್ಪೆಚಿಪ್ಪು) ಆರಿಸುತ್ತಿದ್ದರು. ಅಣೆಕಟ್ಟು ಕಟ್ಟಿಸಿಕೊಳ್ಳದೆ ಕಡಲು ಸೇರುವ ಹೊಳೆ ಇದು. ಅಳಿವೆಯಲ್ಲಿ ನಿಂತರೆ ಅದರ ಅಗಲವೇ ಒಂದು ಠೀವಿ. ಆಚೆ ದಡದಲ್ಲಿ ಸಾಣಿಕಟ್ಟಾದ ಉಪ್ಪಿನಾಗರ. ಚೌಕ ಚೌಕ ನೀರಿನಲ್ಲಿ ಬೆಳ್ಳಕ್ಕಿಗಳು. ನಿಲ್ಲೋಣ ಅಂದೆ. ಇವನು ಇನ್ನೂರು ಮೀಟರ್ ಮುಂದಿದ್ದ, ಕೇಳಿಸಲಿಲ್ಲ, ಅಥವಾ ಕೇಳಿಸಿಕೊಳ್ಳಲಿಲ್ಲ. ನಾನೊಬ್ಬಳೇ ನಿಂತು ಹತ್ತು ನಿಮಿಷ ನೋಡಿದೆ. ಗೋಕರ್ಣದ ತಿರುವಿನಲ್ಲಿ ಬನ್ಸ್ ಕಟ್ಟಿಸಿಕೊಂಡು ಕಾಯುತ್ತಿದ್ದ. ರಾಜಿ ಆಯಿತು.

ಹೆದ್ದಾರಿ ಬಿಟ್ಟು ಮಂಜಗುಣಿಯ ದಾರಿ ಹಿಡಿದದ್ದು ನನ್ನ ಹಟ. ಗಂಗಾವಳಿ ಸೇತುವೆಯ ನಡುವೆ ಇಬ್ಬರೂ ತಾವಾಗಿಯೇ ಬ್ರೇಕ್ ಹಿಡಿದೆವು. ಇದೇ ಹೊಳೆಯ ಮೇಲ್ಗಡೆ ಶಿರೂರು. ಕಳೆದ ಜುಲೈ 16ರಂದು ಗುಡ್ಡ ಕುಸಿದು ಹೆದ್ದಾರಿಯೂ ಜನರೂ ಮಣ್ಣಾದ ಜಾಗ. ಆ ಕುಸಿತದಲ್ಲಿ ಹೊಳೆಗೆ ಬಿದ್ದು ಮುಳುಗಿದ್ದ ಲಾರಿ ಮೇಲೆ ಬರಲು ಸೆಪ್ಟೆಂಬರ್ ಕೊನೆಯಾಯಿತು. ಇವತ್ತಿನ ಹೊಳೆ ಮಾತ್ರ ಗಾಜಿನ ಹಾಗೆ ತಣ್ಣಗಿತ್ತು. ಏನೂ ಮಾತಾಡದೆ ಮತ್ತೆ ತುಳಿದೆವು.

ಅಂಕೋಲಾ ದಾಟಿದ ಮೇಲೆ ಹೆದ್ದಾರಿ 66, ಬಿಸಿಲು, ಲಾರಿ. ಬರೆಯಲು ಏನಿಲ್ಲ. ಅಮದಳ್ಳಿ ಬಿಟ್ಟ ಮೇಲೆ ಎಡಗಡೆ ಸಮುದ್ರವಿದೆ ಎಂದು ನಕ್ಷೆ ಹೇಳುತ್ತದೆ, ಕಣ್ಣಿಗೆ ಕಾಣುವುದು ಕದಂಬ ನೌಕಾನೆಲೆಯ ಗೋಡೆ. ಐದು ದಿನ ಜೊತೆಗಿದ್ದ ಕಡಲು ಕೊನೆಯ ಗಂಟೆಯಲ್ಲಿ ಹೀಗೆ ಗೋಡೆಯ ಹಿಂದೆ ಹೋದದ್ದು ನನಗೆ ಸರಿಬೀಳಲಿಲ್ಲ. ಬಿಣಗಾದ ಏರಿನಲ್ಲಿ ಇವನು ಇಳಿದು ತಳ್ಳಿದ. ನಾನು ತುಳಿದೇ ಹತ್ತಿದೆ. ಇದನ್ನು ಇಲ್ಲಿ ದಾಖಲಿಸುವುದು ಅಗತ್ಯ.

ಕಾರವಾರದಿಂದಲೇ ರೈಲು ಹಿಡಿಯಲು ಕಾರಣವಿದೆ. ನಡುವಿನ ಸಣ್ಣ ಸ್ಟೇಷನ್‌ಗಳಲ್ಲಿ ಗಾಡಿ ಒಂದೆರಡು ನಿಮಿಷ ನಿಲ್ಲುತ್ತದೆ. ಅಷ್ಟರಲ್ಲಿ ಎರಡು ಸೈಕಲನ್ನು ಲಗೇಜ್ ಬೋಗಿಗೆ ಏರಿಸುವುದು ಆಗದ ಮಾತು. ಈ ರೈಲು ಹೊರಡುವುದೇ ಕಾರವಾರದಿಂದ, ನಿಧಾನವಾಗಿ ಹತ್ತಿಸಬಹುದು. ಹ್ಯಾಂಡಲ್ ತಿರುಗಿಸಿ, ಪೆಡಲ್ ಬಿಚ್ಚಿ, ಎರಡನ್ನೂ ಸೇರಿಸಿ ಬಟ್ಟೆ ಒಣಹಾಕುತ್ತಿದ್ದ ಹಗ್ಗದಿಂದಲೇ ಬಿಗಿದೆವು. ಎಡಗಡೆ ಪೆಡಲಿನ ತಿರುಪಿನ ಮರೆ ಉಲ್ಟಾ ಇರುತ್ತದೆ ಎಂದು ಇವನಿಗೆ ಪ್ರತಿ ಸಲ ನೆನಪಿಸಬೇಕು. ಈ ಸಲವೂ ಬಿಚ್ಚುವ ಬದಲು ಇನ್ನಷ್ಟು ಬಿಗಿ ಮಾಡಿ ಬೆವರು ಒರೆಸಿಕೊಂಡ. ಟೆಂಟನ್ನು ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಹರವಿದ್ದೆವು, ಮುಕ್ಕಾಲು ಒಣಗಿತು. ಮಡಚುವಾಗ ಯಾವ ಕಡಲತೀರದ್ದೋ ಒಂದು ಹಿಡಿ ಮರಳು ಉದುರಿತು.

ಈಗ ರೈಲು ನಮ್ಮ ದಾರಿಯನ್ನೇ ಹಿಂದಕ್ಕೆ ಸುತ್ತುತ್ತಿದೆ. ಅಂಕೋಲಾ ಅರ್ಧ ಗಂಟೆಯಲ್ಲಿ ಬಂತು. ಬೆವರು ಸುರಿಸಿ ನಾವು ಮೂರು ಗಂಟೆ ತುಳಿದಿದ್ದೆವು. ಗೋಕರ್ಣ ರೋಡ್, ಕುಮಟಾ, ಹೊನ್ನಾವರ. ನಾಲ್ಕು ಪೆಡಲನ್ನು ಪೇಪರಿನಲ್ಲಿ ಸುತ್ತಿ ತಲೆದಿಂಬಿನ ಪಕ್ಕ ಇಟ್ಟುಕೊಂಡಿದ್ದೇನೆ, ಗ್ರೀಸಿನ ವಾಸನೆ. ಹೊನ್ನಾವರ ಬಿಟ್ಟ ಕೂಡಲೇ ಗಾಲಿಯ ಸದ್ದು ಬದಲಾಯಿತು. ಎರಡು ಕಿಲೋಮೀಟರಿಗೂ ಉದ್ದದ ರೈಲು ಸೇತುವೆ, ಕೆಳಗೆ ಕತ್ತಲು. ಪಕ್ಕದ ರಸ್ತೆ ಸೇತುವೆಯಲ್ಲಿ ನಾವು ಬರುವಾಗ ಲಾರಿ ದಾಟಿದಾಗೆಲ್ಲ ಕಾಲಡಿ ನಡುಗಿತ್ತು.

ಇವನು ಕಣ್ಣು ಬಿಡದೆಯೇ ಕೇಳಿದ, "ಯಾವ ಹೊಳೆ?"

"ಶರಾವತಿ."

"ಆಗಲೇ?" ಎಂದು ಮಗ್ಗಲು ಬದಲಿಸಿದ.