ಪ್ರಮೋಷನ್ ಸುತ್ತೋಲೆ ಬಂದ ದಿನ

ಕಳೆದ ತಿಂಗಳು ನಮ್ಮ ಶಾಖೆಗೆ ಪ್ರಮೋಷನ್ ಸುತ್ತೋಲೆ ಬಂತು, ಕ್ಲರ್ಕ್‌ನಿಂದ ಆಫೀಸರ್ ಹುದ್ದೆಗೆ. ಕ್ಯಾಶ್ ನೋಡಿಕೊಳ್ಳುವ ಹುಡುಗಿ ಅದರ ಪ್ರಿಂಟ್ ತೆಗೆದು, ನಾಲ್ಕಾಗಿ ಮಡಚಿಕೊಂಡು ಊಟದ ಹೊತ್ತಿಗೆ ನನ್ನ ಕ್ಯಾಬಿನ್ನಿಗೆ ಬಂದಳು. “ಸರ್, ಅರ್ಜಿ ಹಾಕುವುದಾ ಬೇಡವಾ, ನೀವೇ ಹೇಳಿ” ಎಂದಳು. ನನ್ನ ಮಗಳ ಪ್ರಾಯದವಳು. ಐಬಿಪಿಎಸ್ ಪರೀಕ್ಷೆ ಬರೆದು ಬ್ಯಾಂಕಿಗೆ ಬಂದು ನಾಲ್ಕು ವರ್ಷ ಆಯಿತು. ಅದಕ್ಕೂ ಮೊದಲಿನಿಂದ ಭಾಗವತಿಕೆ, ಅಂದರೆ ಯಕ್ಷಗಾನದ ಹಾಡುಗಾರಿಕೆ, ಕಲಿಯುತ್ತಿದ್ದಾಳೆ. ಊರಿನ ಸಂಘದ ಆಟಗಳಲ್ಲಿ (ಯಕ್ಷಗಾನ ಪ್ರದರ್ಶನಕ್ಕೆ ನಮ್ಮ ಕಡೆ ಆಟ ಎನ್ನುತ್ತೇವೆ) ಕಥೆಗೆ ಮೊದಲಿನ ಪೂರ್ವರಂಗಕ್ಕೆ, ಪ್ರಸಂಗದ ಮೊದಲ ಭಾಗಕ್ಕೆ ಹಾಡುತ್ತಾಳೆ. ಒಳ್ಳೆಯ ಸ್ವರ ಉಂಟು.

ಅವಳಿಗೆ ಹೇಳಿದ್ದನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಬ್ಯಾಂಕಿನಲ್ಲಿ ಇದ್ದುಕೊಂಡು ಆಟ, ಸಂಗೀತ, ನಾಟಕ ಅಂತ ಓಡಾಡುವ ಹುಡುಗರು ನಮ್ಮ ಕಡೆ ಬಹಳ ಜನ ಇದ್ದಾರೆ, ಅವರಿಗೂ ಬೇಕಾದೀತು.

ನಾನು ಬ್ಯಾಂಕಿಗೆ ಸೇರಿದ್ದು 1993ರಲ್ಲಿ, ಆಗಿನ ಬ್ಯಾಂಕ್ ನೇಮಕಾತಿ ಮಂಡಳಿಯ (ಬಿ.ಎಸ್.ಆರ್.ಬಿ.) ಪರೀಕ್ಷೆ ಬರೆದು. ಆಗ ಯಕ್ಷಗಾನದ ಮದ್ದಳೆ ಬಾರಿಸಲು ಕಲಿಯುತ್ತಿದ್ದೆ. ಗುರುಗಳ ಮನೆಯಲ್ಲಿ ನನ್ನೊಟ್ಟಿಗೆ ಕಲಿಯುತ್ತಿದ್ದವನು ಇನ್ನೊಬ್ಬ. ನನಗಿಂತ ಅವನ ಕೈ ಒಂದು ಗುಲಗಂಜಿಯಷ್ಟು ಮೇಲು, ಅದು ಆಗಲೂ ಗೊತ್ತಿತ್ತು. ಆ ವರ್ಷ ದೀಪಾವಳಿ ಕಳೆದು, ಊರೂರು ತಿರುಗಿ ಆಟ ಆಡುವ ಮೇಳ ಹೊರಡುವಾಗ ಇಬ್ಬರಿಗೂ ಕರೆ ಬಂತು. ಅವನು ಹೋದ. ನನಗೆ ಅಷ್ಟರಲ್ಲಿ ನೇಮಕಾತಿ ಪತ್ರ ಬಂದಿತ್ತು.

ಕರಾವಳಿಯಲ್ಲಿ ಬ್ಯಾಂಕ್ ಕೆಲಸವೆಂದರೆ ಮನೆಯ ಮರ್ಯಾದೆಯ ವಿಷಯ. ಕೆನರಾ ಬ್ಯಾಂಕ್, ಕಾರ್ಪೊರೇಷನ್ ಬ್ಯಾಂಕ್ 1906ರಲ್ಲಿ, ಕರ್ಣಾಟಕ ಬ್ಯಾಂಕ್ 1924ರಲ್ಲಿ, ಸಿಂಡಿಕೇಟ್ 1925ರಲ್ಲಿ, ವಿಜಯಾ 1931ರಲ್ಲಿ, ಎಲ್ಲವೂ ಮಂಗಳೂರು-ಉಡುಪಿಯಲ್ಲಿ ಹುಟ್ಟಿದವು. ದಿನಕ್ಕಿಷ್ಟು ಎಂದು ಪಿಗ್ಮಿ ಉಳಿತಾಯ ಕಟ್ಟಿ ಮಕ್ಕಳನ್ನು ಓದಿಸಿದ ಮನೆಗಳು ಇಲ್ಲಿ ಎಷ್ಟೋ. ಹಾಗಾಗಿ ಆ ಪತ್ರ ಬಂದ ದಿನ ನಮ್ಮ ಮನೆಯಲ್ಲಿ ಚರ್ಚೆಯೇ ನಡೆಯಲಿಲ್ಲ. ಅಪ್ಪ ಅದನ್ನು ದೇವರ ಕೋಣೆಯಲ್ಲಿಟ್ಟು ದೀಪ ಹಚ್ಚಿದರು. ಅಮ್ಮ ಪಾಯಸ ಮಾಡಿದಳು.

ಆ ದಿನವೇ ನನ್ನ ಕನಸು ಮುಗಿಯಿತು ಎಂದು ನಾನು ಎಷ್ಟೋ ವರ್ಷ ಹೇಳಿಕೊಂಡು ತಿರುಗಿದ್ದೇನೆ. ಈಗ ಹಿಂದಿರುಗಿ ನೋಡಿದರೆ ಆ ಮಾತು ತಪ್ಪು. ಅದರ ನಂತರದ ಹತ್ತು ವರ್ಷ ನಾನು ಬಾರಿಸಿದಷ್ಟು ಮದ್ದಳೆ ಮತ್ತೆಂದೂ ಬಾರಿಸಿಲ್ಲ. ಕ್ಲರ್ಕ್ ಆಗಿದ್ದಾಗ ವರ್ಗಾವಣೆ ಆದರೂ ಆಸುಪಾಸಿನ ಊರಿಗೆ. ಸಂಜೆ ಕ್ಯಾಶ್ ಟ್ಯಾಲಿ ಮಾಡಿ, ತಿಜೋರಿ ಮುಚ್ಚಿ, ಬಸ್ಸು ಹಿಡಿದು ಹೊರಟರೆ ರಾತ್ರಿ ಊಟದ ಹೊತ್ತಿಗೆ ವೇಷ ಕಟ್ಟುವ ಚೌಕಿಯಲ್ಲಿ ಇರುತ್ತಿದ್ದೆ. ಬೆಳಿಗ್ಗೆ ಮಂಗಳ ಹಾಡಿದ ಮೇಲೆ ಯಾರದೋ ಮನೆಯಲ್ಲಿ ಸ್ನಾನ, ಅಲ್ಲಿಂದ ಸೀದಾ ಬ್ಯಾಂಕು.

ಕ್ಯಾಶಿನಲ್ಲಿ ಕೂತವನಿಗೆ ಒಂದು ತೊಂದರೆ ಉಂಟು. ನೋಟು ಎಣಿಸಲು ಎದುರಿಗೆ ಒಂದು ಸಣ್ಣ ಬಟ್ಟಲಲ್ಲಿ ಒದ್ದೆ ಸ್ಪಂಜು ಇರುತ್ತದೆ. ದಿನವಿಡೀ ಬೆರಳನ್ನು ಅದಕ್ಕೆ ತಾಗಿಸಿ ತಾಗಿಸಿ ತುದಿ ನೆನೆದು ಬೆಳ್ಳಗೆ ಸುಕ್ಕಾಗುತ್ತದೆ. ಮದ್ದಳೆಗೆ ಬೇಕಾದದ್ದು ಅದಕ್ಕೆ ಪೂರ್ತಿ ವಿರುದ್ಧ, ಬೆರಳಿನ ತುದಿ ಒಣಗಿ ಗಟ್ಟಿಯಾಗಿರಬೇಕು. ನೆನೆದ ಬೆರಳಲ್ಲಿ ಬಾರಿಸಿದರೆ ಎರಡೇ ಗಂಟೆಯಲ್ಲಿ ಚರ್ಮ ಬಿರಿಯುತ್ತದೆ. ನಾನು ಬಲಗೈ ಉಳಿಸಿಕೊಳ್ಳಲೆಂದೇ ಎಡಗೈಯಲ್ಲಿ ನೋಟು ಎಣಿಸುವುದನ್ನು ಕಲಿತೆ. ಆ ಅಭ್ಯಾಸ ಈಗಲೂ ಹೋಗಿಲ್ಲ. ಈಗ ಯಂತ್ರ ಎಣಿಸುತ್ತದೆ, ಆ ಹುಡುಗಿಗೆ ಈ ಕಷ್ಟ ಇಲ್ಲ. ಅವಳ ಕಷ್ಟ ಗಂಟಲಿನದು. ದಿನಕ್ಕೆ ನೂರಾರು ಜನರೊಡನೆ ಗಾಜಿನ ಆಚೆಯಿಂದ ಗಟ್ಟಿಯಾಗಿ ಮಾತಾಡಿ ಸಂಜೆ ಶ್ರುತಿ ಹಿಡಿಯಬೇಕು.

ನಾನು ತಪ್ಪಿದ್ದು 2003ರಲ್ಲಿ. ಇಂಥದೇ ಒಂದು ಸುತ್ತೋಲೆ ಬಂತು. ಜೊತೆಯವರೆಲ್ಲ ಅರ್ಜಿ ಹಾಕಿದರು, ನಾನೂ ಹಾಕಿದೆ. ಅಷ್ಟೇ ಕಾರಣ, ಹೆಚ್ಚು ಆಲೋಚನೆ ಮಾಡಿರಲಿಲ್ಲ. ಪಾಸಾದೆ. ಆಫೀಸರ್ ಆದವನನ್ನು ದೇಶದ ಯಾವ ಮೂಲೆಗೂ ಹಾಕಬಹುದು ಎಂಬುದು ಗೊತ್ತಿದ್ದ ವಿಷಯವೇ. ನನ್ನನ್ನು ಉತ್ತರ ಬಿಹಾರದ ಒಂದು ಗ್ರಾಮೀಣ ಶಾಖೆಗೆ ಹಾಕಿದರು. ಮದ್ದಳೆಯನ್ನು ಟ್ರೈನಿನಲ್ಲಿ ಮಡಿಲಲ್ಲಿಟ್ಟುಕೊಂಡೇ ಹೋಗಿದ್ದೆ. ಅಲ್ಲಿನ ಚಳಿಗೆ, ಬಿಸಿಲಿಗೆ ಅದರ ಚರ್ಮದ ಮುಚ್ಚಿಗೆ ಸಡಿಲವಾಯಿತು, ಬಿಗಿಯಾಯಿತು, ಕೊನೆಗೆ ಒಂದು ಬದಿ ಸೀಳಿತು. ಸರಿಮಾಡುವವರು ಹತ್ತಿರದಲ್ಲಿ ಇರಲಿಲ್ಲ. ಸಾಲ ವಸೂಲಿ, ರಾತ್ರಿ ಒಂಬತ್ತರವರೆಗೆ ಲೆಕ್ಕ, ಹೋಗಿ ಮಲಗುವುದು. ನಾಲ್ಕು ವರ್ಷ ಹೀಗೆ ಹೋಯಿತು.

2007ರಲ್ಲಿ ಊರಿಗೆ ಬಂದ ಮೇಲೆ ಒಂದು ಆಟಕ್ಕೆ ಹೋದೆ. ಗುರುತಿನ ಭಾಗವತರು ಪ್ರೀತಿಯಿಂದ ಕೂರಿಸಿಕೊಂಡರು. ಪದ್ಯ ಏರಿದ ಹಾಗೆ ನನ್ನ ಕೈ ಹಿಂದೆ ಬೀಳತೊಡಗಿತು. ಅವರು ಜಾಗಟೆಯ ಪೆಟ್ಟನ್ನು ಸ್ವಲ್ಪ ನಿಧಾನ ಮಾಡಿದರು. ಪ್ರೇಕ್ಷಕರಲ್ಲಿ ಯಾರಿಗೂ ಅದು ತಿಳಿದಿರಲಿಕ್ಕಿಲ್ಲ. ನನಗೆ ತಿಳಿಯಿತು, ವೇಷಧಾರಿಗೂ ತಿಳಿಯಿತು, ಅವನು ಕುಣಿಯುತ್ತಲೇ ಒಮ್ಮೆ ನನ್ನ ಕಡೆ ತಿರುಗಿ ನೋಡಿದ. ಆಟ ಮುಗಿದ ಮೇಲೆ ಭಾಗವತರು ಹೇಳಿದ್ದು ಇಷ್ಟೇ: “ಸ್ವಲ್ಪ ಸಮಯ ಪೂರ್ವರಂಗಕ್ಕೆ ಕೂತ್ಕೊಳ್ಳಿ. ಕೈ ಬರ್ತದೆ.” ಅಂದಿನಿಂದ ಇಂದಿನವರೆಗೆ ನಾನು ಪೂರ್ವರಂಗದ ಮದ್ದಳೆಯವನೇ.

ನನ್ನ ಬ್ಯಾಚಿನಲ್ಲೇ ಚೆಂಡೆ ಬಾರಿಸುವವರು ಒಬ್ಬರಿದ್ದರು. ಅವರು ಒಂದಲ್ಲ, ಐದು ಸುತ್ತೋಲೆ ಬಂದಾಗಲೂ ಅರ್ಜಿ ಹಾಕಲಿಲ್ಲ. ಅವರಿಗಿಂತ ಹತ್ತು ವರ್ಷ ಚಿಕ್ಕವರು ಮ್ಯಾನೇಜರ್ ಆಗಿ ಬಂದು ಅವರ ರಜೆ ಅರ್ಜಿಗೆ ಸಹಿ ಹಾಕಿದರು. ಮದುವೆ ಮನೆಗಳಲ್ಲಿ ನೆಂಟರು “ಇನ್ನೂ ಕ್ಲರ್ಕಾ?” ಎಂದು ಕೇಳುವಾಗ ನಾನು ಪಕ್ಕದಲ್ಲೇ ಇದ್ದೆ. ನಿವೃತ್ತಿಯಾಗುವ ವಾರದಲ್ಲೂ ಅವರ ಚೆಂಡೆಗೆ ಜನ ಎದ್ದು ಮುಂದೆ ಬಂದು ಕೂರುತ್ತಿದ್ದರು. ಅವರು ಬಿಟ್ಟ ಸಂಬಳ ಸಣ್ಣದಲ್ಲ. ಅವರ ಹೆಂಡತಿ ಅದನ್ನು ಒಪ್ಪಿದ್ದರು, ಆ ಒಪ್ಪಿಗೆ ಇಲ್ಲದಿದ್ದರೆ ಆ ಚೆಂಡೆಯೂ ಇಲ್ಲ.

ಹಾಗಾದರೆ ಮೇಳಕ್ಕೆ ಹೋದ ಗೆಳೆಯನೇ ಸರಿ ಎನ್ನಬೇಕೇ? ಅವನ ಬದುಕನ್ನು ನಾನು ಸಾಲದ ಅರ್ಜಿಯಲ್ಲಿ ನೋಡಿದ್ದೇನೆ. ಅವನು ಪ್ರಧಾನ ಮದ್ದಳೆಗಾರನಾದ ಮೇಲೆ, ಮನೆ ಕಟ್ಟಲು ಸಾಲಕ್ಕೆಂದು ನನ್ನ ಶಾಖೆಗೇ ಬಂದ. ಸಂಬಳದ ಚೀಟಿ ಇಲ್ಲ, ಫಾರ್ಮ್ 16 ಇಲ್ಲ, ಆದಾಯ ತೆರಿಗೆಯ ರಿಟರ್ನ್ ಇಲ್ಲ. ಮೇಳದ ಯಜಮಾನರು ಕೊಟ್ಟ ಒಂದು ಪತ್ರ, ಮತ್ತು ದೀಪಾವಳಿಯಿಂದ ಪತ್ತನಾಜೆಯವರೆಗಿನ, ಅಂದರೆ ಮೇ ಕೊನೆಗೆ ತಿರುಗಾಟ ಮುಗಿಯುವವರೆಗಿನ ದುಡಿಮೆ. ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲ ಪೂರ್ತಿ ಚಿಕ್ಕಮೇಳ ಕಟ್ಟಿಕೊಂಡು ಮನೆ ಮನೆಗೆ ಹೋದರೆ ಸಿಕ್ಕಿದ್ದು. ಜಿಲ್ಲೆಗೆಲ್ಲ ಗೊತ್ತಿರುವ ಕೈ ಅದು, ನಮ್ಮ ಅರ್ಜಿ ನಮೂನೆಯಲ್ಲಿ ಅದನ್ನು ಬರೆಯಲು ಕಾಲಂ ಇರಲಿಲ್ಲ. ಕೊನೆಗೆ ಶಾಲಾ ಮಾಸ್ತರರಾಗಿದ್ದ ಅವನ ಅಣ್ಣನನ್ನು ಜಂಟಿ ಅರ್ಜಿದಾರರಾಗಿ ಸೇರಿಸಿ ಸಾಲ ಮಾಡಿಸಿದೆ. ಸಹಿ ಹಾಕುವಾಗ ಅವನು ತಲೆ ಎತ್ತಲಿಲ್ಲ. ನಾನು ಆ ದಿನ ಮನೆಗೆ ಹೋಗಿ ಸರಿಯಾಗಿ ಊಟ ಮಾಡಲಿಲ್ಲ.

ಅವನಿಗೆ ನಾನು ಮಾಡಿದ ನಿಜವಾದ ಸಹಾಯ ಆಮೇಲಿನದು. ತೆರಿಗೆ ಕಟ್ಟುವಷ್ಟು ಆದಾಯ ಇಲ್ಲದಿದ್ದರೂ ಪ್ರತಿವರ್ಷ ರಿಟರ್ನ್ ಹಾಕಿಸಿದೆ, ಪಿಪಿಎಫ್ ಖಾತೆ ತೆರೆಸಿದೆ, ತಿರುಗಾಟದ ಹಣ ಕೈಗೆ ಬಂದ ಕೂಡಲೇ ಮಳೆಗಾಲದ ನಾಲ್ಕು ತಿಂಗಳ ಖರ್ಚನ್ನು ಬೇರೆ ತೆಗೆದಿಡುವ ಅಭ್ಯಾಸ ಮಾಡಿಸಿದೆ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆಗಿ ಮೇಳಗಳೆಲ್ಲ ತಿರುಗಾಟದ ನಡುವೆಯೇ ನಿಂತಾಗ ಆ ಮನೆ ನಡೆದದ್ದು ಹಾಗೆ ಕೂಡಿಟ್ಟ ಹಣದಲ್ಲಿ.

ಅದೇ ಏಪ್ರಿಲ್ 1ಕ್ಕೆ ಸಿಂಡಿಕೇಟ್ ಬ್ಯಾಂಕ್ ಕೆನರಾದಲ್ಲಿ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ಸೇರಿಹೋದವು. ಅದರ ಹಿಂದಿನ ವರ್ಷ ವಿಜಯಾ ಬ್ಯಾಂಕ್ ಬರೋಡಾ ಬ್ಯಾಂಕಿನಲ್ಲಿ. ಕಲ್ಲಿನ ಹಾಗೆ ನಿಂತಿವೆ ಅಂದುಕೊಂಡಿದ್ದ ಹೆಸರುಗಳು ಕಣ್ಣೆದುರೇ ಇಲ್ಲವಾದವು. ಆದರೆ ಅಲ್ಲಿದ್ದವರ ಸಂಬಳ ಒಂದು ತಿಂಗಳೂ ತಪ್ಪಲಿಲ್ಲ. ಆ ವ್ಯತ್ಯಾಸವನ್ನು ನಾನು ಎಂದೂ ಹಗುರ ಮಾಡಿ ಮಾತಾಡುವುದಿಲ್ಲ. ಅಪ್ಪನ ಆಪರೇಷನ್, ತಂಗಿಯ ಮದುವೆ ಎರಡೂ ಆದದ್ದು ಆ ಸಂಬಳದಿಂದಲೇ. ಒಂದು ಮಾತು ಮಾತ್ರ ಹೊಸಬರು ತಿಳಿದಿರಲಿ: 2010ರ ಏಪ್ರಿಲ್ ನಂತರ ಸೇರಿದವರಿಗೆ ನಮಗಿರುವ ಹಳೆಯ ಪಿಂಚಣಿ ಇಲ್ಲ, ಎನ್‌ಪಿಎಸ್ (ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ) ಮಾತ್ರ. “ಬ್ಯಾಂಕ್ ಕೆಲಸ, ಇನ್ನೇನು ಚಿಂತೆ” ಎಂದು ಮನೆಯ ಹಿರಿಯರು ಹೇಳುವುದು ಹಳೆಯ ಲೆಕ್ಕದಲ್ಲಿ.

ಹುಡುಗಿಗೆ ನಾನು ಹೇಳಿದ್ದು ಹೀಗೆ. ಕೆಲಸ ಬಿಡುವ ಮಾತು ಈಗ ಬೇಡ. ನಿನ್ನ ಕಲೆ ನಿನ್ನಿಂದ ಏನು ಕೇಳುತ್ತದೆ ಎಂದು ಮೊದಲು ನೋಡು. ವೇಷ, ಕುಣಿತ ಇಲ್ಲದೆ ಕೂತು ಹಾಡು-ಮಾತಿನಲ್ಲೇ ನಡೆಸುವ ತಾಳಮದ್ದಳೆಯಲ್ಲಿ ಮಾತಾಡುವ ಅರ್ಥಧಾರಿ ನೀನಾಗಿದ್ದರೆ ನಾನು ಅರ್ಜಿ ಹಾಕು ಎಂದೇ ಹೇಳುತ್ತಿದ್ದೆನೇನೋ. ಅದಕ್ಕೆ ಬೇಕಾದದ್ದು ಓದು, ಆಲೋಚನೆ, ಮಾತು. ದೂರದ ಊರಿನ ಕೋಣೆಯಲ್ಲಿ ಕೂತೂ ಓದಬಹುದು. ಪ್ರಭಾಕರ ಜೋಶಿಯವರು ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಕಲಿಸುತ್ತಲೇ ದೊಡ್ಡ ಅರ್ಥಧಾರಿ ಆದವರು. ಹಾಡು, ಮದ್ದಳೆ, ಚೆಂಡೆಯ ಹಿಮ್ಮೇಳದ ವಿಷಯ ಹಾಗಲ್ಲ. ಸ್ವರವೂ ಕೈಯೂ ಶರೀರದ ಒಳಗೆ ಇರುವುದು, ಜೊತೆಗೆ ಬಾರಿಸುವವರು, ಕುಣಿಯುವವರು ಇಲ್ಲದೆ ಅದು ಬೆಳೆಯುವುದಿಲ್ಲ. ಅವರೆಲ್ಲ ಇರುವುದು ಇದೇ ನೆಲದಲ್ಲಿ. ಲೀಲಾವತಿ ಬೈಪಾಡಿತ್ತಾಯರು ಹೆಣ್ಣುಮಕ್ಕಳು ಭಾಗವತಿಕೆಗೆ ಕೂರುವುದನ್ನು ಜನ ಕಂಡೇ ಇರದ ಕಾಲದಲ್ಲಿ ಮೇಳದೊಂದಿಗೆ ಊರೂರು ತಿರುಗಿ ಹಾಡಿದವರು. ಅಷ್ಟು ದೂರ ನೀನು ಹೋಗಬೇಕೆಂದು ನಾನು ಹೇಳುವುದಿಲ್ಲ. ಆದರೆ ಸುತ್ತೋಲೆಯ ಜೊತೆ ಬರುವ ವರ್ಗಾವಣೆಯನ್ನು ಸಂಬಳದ ಪಕ್ಕದಲ್ಲೇ ಬರೆದು ನೋಡು. ಐದು ವರ್ಷ ಕ್ಲರ್ಕ್ ಆಗಿಯೇ ಇದ್ದು ಹಾಡು, ಆಮೇಲೂ ಸುತ್ತೋಲೆ ಬರುತ್ತದೆ. 2015ರ ಸೆಪ್ಟೆಂಬರಿನಿಂದ ಎರಡನೇ, ನಾಲ್ಕನೇ ಶನಿವಾರ ನಮಗೆ ರಜೆ. ನನ್ನ ಕಾಲದಲ್ಲಿ ಅದು ಇದ್ದಿದ್ದರೆ!

ಅವಳು ಎಲ್ಲ ಕೇಳಿ, “ಅಪ್ಪ ಒಪ್ಪುವುದಿಲ್ಲ ಸರ್, ಆಫೀಸರ್ ಆಗದೆ ಮದುವೆ ಮಾತು ಕಷ್ಟ ಅಂತಾರೆ” ಎಂದಳು. ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ, ಹಾಗೆಂದೇ ಹೇಳಿದೆ. ಮೊನ್ನೆ ನಾಲ್ಕನೇ ಶನಿವಾರ ಸಂಘದ ಆಟದಲ್ಲಿ ಅವಳು ಹಾಡಿದಳು, ನಾನು ಬಾರಿಸಿದೆ. ಏರು ಪದ್ಯಕ್ಕೆ ಬಂದಾಗ ನನ್ನ ಕೈಗೆ ತಕ್ಕ ಹಾಗೆ ಲಯ ಇಳಿಸಲು ನೋಡಿದಳು. ಬೇಡ ಎಂದು ತಲೆಯಾಡಿಸಿ, ಮದ್ದಳೆಯನ್ನು ಪಕ್ಕದಲ್ಲಿ ಕಾಯುತ್ತಿದ್ದ ಹುಡುಗನಿಗೆ ಕೊಟ್ಟೆ. ಅವಳು ಏರಿಸಿಯೇ ಹಾಡಿದಳು.

ಅರ್ಜಿಗೆ ಇನ್ನೂ ಒಂಬತ್ತು ದಿನ ಉಂಟು. ಸೋಮವಾರ ಅವಳ ಅಪ್ಪ ಬ್ಯಾಂಕಿಗೆ ಬರುತ್ತಾರಂತೆ, ನನ್ನೊಡನೆ ಮಾತಾಡಲು.