ಜಂತಿಗೆ ಸಿಕ್ಕ ರವದಿ, ನಾನು ತಪ್ಪಾಗಿ ಎಳೆದ ಗೆರೆ

ಬೆಳಗಾವಿಯ ಒಂದು ಸಣ್ಣ ಮ್ಯಾಪಿಂಗ್ ಆಫೀಸಿನಲ್ಲಿ ನನ್ನ ಕೆಲಸ. ಉಪಗ್ರಹ ಚಿತ್ರ ನೋಡಿ ದಿನವಿಡೀ ಗೆರೆ ಎಳೆಯೋದು. ಜಾಸ್ತಿ ಬರೋದು ರಸ್ತೆ, ಕಾಲುವೆ, ಹೊಲದ ಬದು. ಒಮ್ಮೆ ಮಾತ್ರ ಸ್ಕಾಟ್ಲೆಂಡಿನ ವಾಯವ್ಯದ ಬೆಟ್ಟಗಳು ಬಂದವು. 20 ಸಾವಿರಕ್ಕೂ ಹೆಚ್ಚು ವರ್ಷದ ಹಿಂದೆ, ಹಿಮಯುಗ ಜೋರಾಗಿದ್ದಾಗ, ಅಲ್ಲಿ ಮಂಜುಗಡ್ಡೆ ಎಷ್ಟು ಎತ್ತರಕ್ಕೆ ಕೂತಿತ್ತು ಅಂತ ಗುರುತಿಸಬೇಕಿತ್ತು.

ಅಲ್ಲಿನ ಟಾರಿಡನ್ ಬೆಟ್ಟಗಳು ಕೆಂಪು ಮರಳುಗಲ್ಲಿನವು. ಬಾದಾಮಿ ನೋಡಿದವರಿಗೆ ಅಷ್ಟೇನೂ ಹೊಸದು ಅನ್ನಿಸಲ್ಲ. ಕೆಳಗಿನ ಬಂಡೆ ನುಣ್ಣಗೆ ಉಜ್ಜಿದ ಹಾಗೆ, ಅಲ್ಲಲ್ಲಿ ಒಂದೇ ದಿಕ್ಕಿಗೆ ಗೀರು. ಮೇಲೆ ಹೋದರೆ ಬಂಡೆ ಒಡೆದು ಚೂರು ಚೂರು. ಎರಡರ ನಡುವಿನ ಗಡಿಗೆ ಟ್ರಿಮ್‌ಲೈನ್ ಅಂತಾರೆ. ನನಗೆ ಇದು ಬಹಳ ಸಲೀಸಾಗಿ ಕಂಡಿತು. ಗಡ್ಡೆ ಜಾರಿದ್ದಲ್ಲಿ ಬಂಡೆ ನುಣುಪು, ಗಡ್ಡೆ ಮುಟ್ಟದಲ್ಲಿ ಚೂರು. ಗೆರೆ ಎಳೆದು 'ಹಿಮದ ಮೇಲ್ಮಟ್ಟ' ಅಂತ ಹೆಸರು ಕೊಟ್ಟೆ. ಮೂರು ವಾರದ ಕೆಲಸ.

ನಮ್ಮ ಸರ್ ಗೋಕಾಕ ಕಡೆಯವರು. ಫೈಲ್ ತೆರೆದು, ಒಂದು ಶಿಖರದ ಫೋಟೊ ದೊಡ್ಡದು ಮಾಡಿ ಕೇಳಿದರು, "ತಮ್ಮಾ, ಈ ಕಲ್ಲ ಇಷ್ಟ ಮ್ಯಾಲೆ ಯಾರ ಹೊತ್ತ ತಂದ್ರು?"

ನನ್ನ ಗೆರೆಗಿಂತ ಬಹಳ ಮೇಲೆ ಒಂದು ಗುಂಡುಕಲ್ಲು ಕೂತಿತ್ತು. ಆ ಶಿಖರದ ಜಾತಿಯ ಕಲ್ಲೇ ಅಲ್ಲ. ನಾನು ಅದನ್ನು ನೋಡಿದ್ದೆ, ಗೆರೆಗೆ ಹೊಂದಲಿಲ್ಲ ಅಂತ ಸುಮ್ನೆ ಬಿಟ್ಟಿದ್ದೆ. ಅದೇ ನನ್ನ ದೊಡ್ಡ ತಪ್ಪು.

ಆಗ ನೆನಪಾದದ್ದು 2019ರ ಆಗಸ್ಟ್. ಮುಧೋಳದ ಹತ್ತಿರ, ಘಟಪ್ರಭೆಯ ದಂಡೆಗೆ ನಮ್ಮೂರು. ನೆರೆ ಇಳಿದ ಮೇಲೆ ಮನೆಗೆ ಹೋದರೆ ಗೋಡೆಯ ಮೇಲೆ ಎದೆಮಟ್ಟಕ್ಕೆ ದಪ್ಪನೆಯ ಕೆಸರಿನ ಗೆರೆ. ಇಷ್ಟು ನೀರು ಬಂದಿತ್ತು ಅಂದುಕೊಂಡೆವು. ಅಪ್ಪ ತಲೆ ಎತ್ತಿ ನೋಡಿದರು. ಜಂತಿಯ ಸಂದಿಯಲ್ಲಿ ಕಬ್ಬಿನ ರವದಿ, ಅಂದರೆ ಒಣಗಿದ ಗರಿ, ಸಿಕ್ಕಿಕೊಂಡಿತ್ತು. ನೀರು ಜಂತಿ ಮುಟ್ಟಿ, ಬೇಗ ಇಳಿದು, ಎದೆಮಟ್ಟದಲ್ಲಿ ದಿನಗಟ್ಟಲೆ ನಿಂತಿತ್ತು. ಗೋಡೆ ಹೇಳಿದ್ದು ನಿಂತ ನೀರಿನ ಕತೆ ಅಷ್ಟೇ.

ಸ್ಕಾಟ್ಲೆಂಡಿನ ಆ ಗುಂಡೂ ಇದೇ ರವದಿ. ಕಾರಣ ಮಾತ್ರ ಬೇರೆ. ಗಡ್ಡೆಯ ತಳ ಕರಗುವ ಹಂತದಲ್ಲಿದ್ದರೆ ಅದು ಬಂಡೆಯ ಮೇಲೆ ಜಾರುತ್ತದೆ, ತಳದ ಕಲ್ಲುಗಳಿಂದ ಗೀರುತ್ತದೆ. ಎತ್ತರದಲ್ಲಿ ಗಡ್ಡೆ ತೆಳು, ಚಳಿ ಜಾಸ್ತಿ. ತಳ ಬಂಡೆಗೇ ಹೆಪ್ಪುಗಟ್ಟಿ ಅಂಟಿಬಿಡುತ್ತದೆ. ಜಾರಲ್ಲ, ಗೀರಲ್ಲ, ಕೆಳಗಿನ ಚೂರುಗಲ್ಲು ಹಾಗೇ ಉಳಿಯುತ್ತದೆ. ಹೋಗುವಾಗ ಎಲ್ಲಿಂದಲೋ ಹೊತ್ತು ತಂದ ಗುಂಡನ್ನು ಅಲ್ಲೇ ಇಟ್ಟು ಹೋಗುತ್ತದೆ. ಇಂಥ ಗುಂಡುಗಳ ವಯಸ್ಸನ್ನೂ ಅಳೆದಿದ್ದಾರೆ. ಕಲ್ಲು ಬಯಲಿಗೆ ಬಿದ್ದಾಗಿನಿಂದ ಬಾಹ್ಯಾಕಾಶದ ಕಾಸ್ಮಿಕ್ ಕಿರಣ ಬಡಿದು ಅದರ ಕ್ವಾರ್ಟ್ಜ್ ಹರಳಿನಲ್ಲಿ ಬೆರಿಲಿಯಂ-10 ಅನ್ನೋ ಪರಮಾಣುಗಳು ಕೂಡುತ್ತಾ ಹೋಗುತ್ತವೆ. ಅವನ್ನು ಎಣಿಸಿದರೆ ಎಷ್ಟು ವರ್ಷದಿಂದ ಅಲ್ಲಿ ಕೂತಿದೆ ಅಂತ ಗೊತ್ತಾಗುತ್ತದೆ. ಬಂದ ಉತ್ತರ ಕೊನೆಯ ಹಿಮಯುಗ ಮುಗಿಯುತ್ತಿದ್ದ ಕಾಲದ್ದೇ. ಅಂದರೆ ಆ ಶಿಖರಗಳೂ ಮುಳುಗಿದ್ದವು. ಟ್ರಿಮ್‌ಲೈನೇ ಹಿಮದ ಮೇಲ್ಮಟ್ಟ ಅಂತ ದೊಡ್ಡ ದೊಡ್ಡ ತಜ್ಞರೂ ಬಹಳ ಕಾಲ ನಂಬಿದ್ದರಂತೆ. ಓದಿ ನನಗೂ ಸ್ವಲ್ಪ ಸಮಾಧಾನ ಆಯಿತು, ಸುಳ್ಳೇಕೆ.

ಇದು ಬರೀ ಬೆಟ್ಟದ ಮಾತಲ್ಲ. ಆಗ ಸಮುದ್ರದ ಮಟ್ಟ ಈಗಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ಆ ನೀರೆಲ್ಲ ಎಲ್ಲೆಲ್ಲಿ ಎಷ್ಟೆಷ್ಟು ಗಡ್ಡೆಯಾಗಿ ಕೂತಿತ್ತು ಅನ್ನೋ ಲೆಕ್ಕಕ್ಕೆ ಇಂಥ ಗೆರೆಗಳೂ ಬೇಕು. ನಾನು ದಪ್ಪ ಕಡಿಮೆ ತೋರಿಸಿದರೆ ಆ ಲೆಕ್ಕವೂ ತಪ್ಪುತ್ತದೆ, ಅಲ್ವಾ?

ಮತ್ತೆ ಮೊದಲಿಂದ ಮಾಡಿದೆ. ಗೆರೆ ಅಲ್ಲೇ ಇದೆ, ಹೆಸರು 'ಕನಿಷ್ಠ ಇಷ್ಟು' ಅಂತ ಬದಲಾಯಿತು. ಗುಂಡುಗಳಿಗೆ ಬೇರೆ ಲೇಯರ್. ಕಣ್ಣಿಗೆ ಕಂಡದ್ದಕ್ಕೆ ತುಂಬು ಗೆರೆ, ನನ್ನ ಊಹೆಗೆ ತುಂಡು ಗೆರೆ. ಹೊಂದದ ಫೋಟೊಗಳಿಗೆ ಒಂದು ಫೋಲ್ಡರ್ ಇಟ್ಟಿದ್ದೇನೆ, ಈಗ ಮೊದಲು ತೆರೆಯೋದೇ ಅದನ್ನು.

ಕಳೆದ ದಸರೆಗೆ ಊರಿಗೆ ಹೋದಾಗ ಜಂತಿಯ ರವದಿಯ ಫೋಟೊ ತೆಗೆಯಬೇಕು ಅಂತಿದ್ದೆ. ಅಷ್ಟರಲ್ಲಿ ಅವ್ವ ಝಾಡಿಸಿ ಮುಗಿಸಿದ್ದಳು. "ಎಷ್ಟ ವರ್ಷ ಇಡೂದಪಾ ಆ ಕಸಾ?" ಅಂದಳು. ಕೆಸರಿನ ಗೆರೆ ಮಾತ್ರ ಸುಣ್ಣದ ಕೆಳಗಿಂದ ಇನ್ನೂ ಇಣುಕುತ್ತದೆ. ಈಗ ಬಂದು ನೋಡುವವರಿಗೆ ನಮ್ಮ ಮನೆಯಲ್ಲಿ ನೀರು ಎದೆಮಟ್ಟ.